ಬೋನ್ಸಾಯ್ ತಟ್ಟೆಗೆ ಕಾಡಿನ ಹಾವಸೆ ಬೇಡ, ಕಾಂಪೌಂಡ್ ಗೋಡೆಯದೇ ಸಾಕು

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕೈತೋಟದ ಅಂಕಣಗಳಲ್ಲಿ ಬೋನ್ಸಾಯ್, ಅಂದರೆ ತಟ್ಟೆಯಲ್ಲಿ ಬೆಳೆಸುವ ಕುಬ್ಜ ಮರದ ಮಣ್ಣಿನ ಮೇಲೆ ಹಸಿರು ಹಾಸು ಬೆಳೆಸುವ ಉಪಾಯವೊಂದು ತಪ್ಪದೆ ಕಾಣಿಸಿಕೊಳ್ಳುತ್ತದೆ. ಎಲ್ಲಿಂದಾದರೂ ಒಂದು ಹಿಡಿ ಪಾಚಿ ತನ್ನಿ, ಮಜ್ಜಿಗೆ ಸೇರಿಸಿ ಮಿಕ್ಸಿಗೆ ಹಾಕಿ, ಮಣ್ಣಿಗೆ ಬಳಿಯಿರಿ ಎಂಬುದು ಅದರ ಸಾರ. ಈ ಮೂರು ಮಾತಿನಲ್ಲಿ ಮೂರೂ ಮಲೆನಾಡಿಗೆ ಹೊಂದುವುದಿಲ್ಲ. ಓದಿದವರು ಹಾಗೆಯೇ ಮಾಡಿ, ಹಾಸು ಬಾರದೆ, ಕೊನೆಗೆ ಘಟ್ಟದ ಕಡೆ ಹೋದಾಗ ಮರದ ಮೈಯಿಂದ ಹಾವಸೆ (ಇಂಗ್ಲಿಷಿನ ಮಾಸ್) ಸುಲಿದು ಚೀಲಕ್ಕೆ ತುಂಬಿಕೊಂಡು ಬರುತ್ತಾರೆ. ಅದು ನಿಲ್ಲಲಿ ಎಂಬ ಕಾಳಜಿಯಿಂದ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆ ಇರಲಿ. ಅರ್ಧ ಹೇಳಿದ ವಿಧಾನವೇ ಇಷ್ಟೆಲ್ಲ ತಪ್ಪಿಗೆ ಕಾರಣವಾಗಿರುವುದರಿಂದ ಪೂರ್ತಿ ಹೇಳಬೇಕಾಗಿದೆ.

ಮೊದಲು ಮಜ್ಜಿಗೆಯ ವಿಚಾರ. ಹಾವಸೆ ಬೆಳಕಿನಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುವ ಗಿಡ. ಹಾಲಿನ ಸಕ್ಕರೆ, ಕೊಬ್ಬು, ಪ್ರೋಟೀನು ಅದಕ್ಕೆ ಬೇಕಿಲ್ಲ. ಅವೆಲ್ಲ ಬೂಷ್ಟಿಗೆ ಹಬ್ಬದೂಟ. ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ ಮಜ್ಜಿಗೆ ಬಳಿದ ಮಣ್ಣಿನ ಮೇಲೆ ಮೂರು ನಾಲ್ಕು ದಿನಕ್ಕೆ ಬಿಳಿ ಎಳೆ ಹಬ್ಬುತ್ತದೆ, ಹುಳಿವಾಸನೆ ಏಳುತ್ತದೆ, ಇರುವೆ ಸಾಲುಗಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ನುಣ್ಣಗೆ ಅರೆದ ಆ ಹಿಟ್ಟು ಒಣಗಿ ಪೊರೆಯಂತಾಗಿ ನೀರು ಒಳಗಿಳಿಯಲು ಬಿಡುವುದಿಲ್ಲ. ಮಜ್ಜಿಗೆಯಿಂದ ಬಂತು ಎಂದು ತೋರಿಸುವ ಕಡೆಯೂ ಹಾಸು ಬಂದಿರುವುದು ಅದರೊಳಗಿದ್ದ ಹಾವಸೆಯ ಚೂರುಗಳಿಂದ. ಬರೀ ನೀರಿನಲ್ಲಿ ಕಲಸಿದ್ದರೂ ಬರುತ್ತಿತ್ತು.

ಎರಡನೆಯದು ಹೆಸರು. ನಾವು ಹಸಿರುಗಟ್ಟಿದ್ದನ್ನೆಲ್ಲ ಪಾಚಿ ಎಂದುಬಿಡುತ್ತೇವೆ. ಬೋನ್ಸಾಯ್ ತಟ್ಟೆಯ ಮಟ್ಟಿಗೆ ಇವು ಮೂರು ಬೇರೆ ಬೇರೆ ವಸ್ತುಗಳು. ಅಂಗಳದಲ್ಲಿ ಕಾಲು ಜಾರಿಸುವ ಕಪ್ಪು-ಹಸಿರು ಲೋಳೆ ನೀಲಿ-ಹಸಿರು ಶೈವಲ. ಅದು ಮಣ್ಣಿನ ಮೇಲೆ ಬಂದರೆ ಕೆರೆದು ತೆಗೆಯಬೇಕು. ಚಪ್ಪಟೆ ಎಲೆಯಂತೆ ನೆಲಕ್ಕಂಟಿ ಹರಡುವ, ಮೇಲೆ ಪುಟ್ಟ ಬಟ್ಟಲುಗಳಿರುವ ಗಿಡ ಮಾರ್ಕಾಂಶಿಯಾ, ಅದೂ ಬೇಡ. ಆ ಬಟ್ಟಲಿಗೆ ಒಂದು ಮಳೆಹನಿ ಬಿದ್ದರೆ ಒಳಗಿನ ಕಣಗಳು ಪಕ್ಕದ ತಟ್ಟೆಗೂ ಸಿಡಿಯುತ್ತವೆ, ಒಂದು ಮಳೆಗಾಲದಲ್ಲಿ ಸಾಲಿಗೆ ಸಾಲೇ ಮುಚ್ಚಿಹೋಗುತ್ತದೆ. ನಮಗೆ ಬೇಕಾದದ್ದು ಮೂರನೆಯದು: ಒತ್ತೊತ್ತಾಗಿ ನಿಂತ ಸಣ್ಣ ಸಣ್ಣ ಕಾಂಡ, ಅದರ ಸುತ್ತ ಎಲೆ, ಮುಟ್ಟಿದರೆ ಮಖಮಲ್ಲು. ಶಾಲೆಯ ಪುಸ್ತಕದಲ್ಲಿ ಹಾವಸೆ ಎಂದು ಓದಿದ್ದು ಇದನ್ನೇ. ಇದಕ್ಕೆ ನಿಜವಾದ ಬೇರಿಲ್ಲ. ಕಲ್ಲಿಗೋ ಮಣ್ಣಿಗೋ ಅಂಟಿಕೊಳ್ಳಲು ನಾರಿನಂಥ ಎಳೆಗಳಿವೆ, ಅಷ್ಟೆ. ನೀರನ್ನೂ ಉಪ್ಪನ್ನೂ ಇದು ಮೈಯಿಂದಲೇ ಹೀರುತ್ತದೆ. ಇದೊಂದು ಮಾತು ನೆನಪಿನಲ್ಲಿದ್ದರೆ ಮುಂದೆ ಬರುವ ಎಲ್ಲ ತೊಂದರೆಗಳ ಕಾರಣ ತಾನಾಗಿ ತಿಳಿಯುತ್ತದೆ.

ಕಾಡಿನದು ಏಕೆ ಬೇಡ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಶಿವಮೊಗ್ಗ ನಗರದಲ್ಲಿ ಸಾವಿರದ ಆಸುಪಾಸು. ಆಗುಂಬೆ, ಹುಲಿಕಲ್, ಕೊಡಚಾದ್ರಿಯ ಮರಗಳ ಮೇಲಿನ ಹಾವಸೆ ಮಂಜಿನಲ್ಲಿ, ಮರದ ನೆರಳಿನಲ್ಲಿ ಬದುಕುವ ಜಾತಿಯದು. ಅದರ ಎಲೆ ಬಹುಪಾಲು ಒಂದೇ ಕೋಶದಷ್ಟು ದಪ್ಪ. ಅದನ್ನು ತಂದು ಶಿವಮೊಗ್ಗದ ವಿನೋಬನಗರದ ತಾರಸಿಯ ಮೇಲೆ ಇಟ್ಟರೆ ಮಳೆಗಾಲ ಕಳೆಯುವತನಕ ಚೆಂದ ಕಾಣುತ್ತದೆ. ಫೆಬ್ರವರಿಯ ಒಣಗಾಳಿ ಬೀಸಿದ ಮೇಲೆ ಕಂದಾಗಿ, ಮಾರ್ಚ್ ತಿಂಗಳ ಬಿಸಿಲಿಗೆ ಚಹಾಪುಡಿಯಂತೆ ಉದುರುತ್ತದೆ. ಎಷ್ಟು ನೀರು ಹೊಡೆದರೂ ಮತ್ತೆ ಏಳುವುದಿಲ್ಲ. ಸುಲಿದ ಕೊಂಬೆಯ ಗತಿಯೂ ಅದೇ: ಆ ಬರಿಮೈ ಮತ್ತೆ ಮುಚ್ಚಿಕೊಳ್ಳಲು ವರ್ಷಗಳೇ ಬೇಕು, ಸೀತಾಳೆದಂಡೆಯ (ಆರ್ಕಿಡ್) ಧೂಳಿನಂಥ ಬೀಜ ನಿಂತು ಮೊಳೆಯುವುದು ಹೆಚ್ಚಾಗಿ ಇಂಥ ಹಾವಸೆಗಟ್ಟಿದ ತೊಗಟೆಯಲ್ಲಿ. ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಕಣಿವೆಯಂಥ ಅಭಯಾರಣ್ಯಗಳಿಂದ ಪರವಾನಗಿ ಇಲ್ಲದೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಇನ್ನು ಬೇಕಾದದ್ದು ಎಲ್ಲಿದೆ ಎಂದರೆ, ಮನೆಯ ಎದುರಿಗೇ ಇದೆ. ಕಾಂಪೌಂಡ್ ಗೋಡೆಯ ತಲೆ, ಜಂಬಿಟ್ಟಿಗೆಯ ಸಂದು, ಬಾವಿಕಟ್ಟೆ, ಹಳೆಯ ಮಂಗಳೂರು ಹೆಂಚು, ರಸ್ತೆಬದಿಯ ಚರಂಡಿಯ ಅಂಚು. ತಟ್ಟೆ ಇಡುವ ಜಾಗಕ್ಕೆ ಎಷ್ಟು ಬಿಸಿಲು ಬೀಳುತ್ತದೋ ಅಷ್ಟೇ ಬಿಸಿಲು ಬೀಳುವ ಜಾಗದಿಂದ ತೆಗೆದುಕೊಳ್ಳಬೇಕು, ನಿಯಮ ಇಷ್ಟೇ. ಬಿಸಿಲಿನ ತಾರಸಿಗೆ ಎರಡು ಜಾತಿ ಬಲು ಉಪಕಾರಿ. ಒಂದು ಬ್ರಯಂ ಅರ್ಜೆಂಟಿಯಂ. ರಸ್ತೆಯಂಚಿನಲ್ಲಿ ಬೂದಿ ಚೆಲ್ಲಿದಂತೆ ಕಾಣುವುದು ಇದೇ. ಹತ್ತಿರದಿಂದ ನೋಡಿದರೆ ಒಂದೊಂದು ಕಾಂಡವೂ ಬೆಳ್ಳಿ ದಾರ ಸುತ್ತಿದ ಕಡ್ಡಿಯ ಹಾಗಿರುತ್ತದೆ. ಎಲೆಯ ತುದಿಭಾಗದಲ್ಲಿ ಹಸಿರು ಇಲ್ಲದಿರುವುದರಿಂದ ಆ ಹೊಳಪು. ಇನ್ನೊಂದು ಹಯೊಫಿಲಾ, ಗೋಡೆಗಳ ಮೇಲಿನದು. ಒಣಗಿದಾಗ ಎಲೆ ಒಳಕ್ಕೆ ಸುರುಳಿ ಸುತ್ತಿ, ಸುಟ್ಟು ಕರಿಕಾದಂತೆ ಕಾಣುತ್ತದೆ. ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ ನೋಡುತ್ತ ಕೂತರೆ ಒಂದೇ ನಿಮಿಷದೊಳಗೆ ಎಲೆ ಬಿಚ್ಚಿಕೊಂಡು ಹಸಿರು ನಕ್ಷತ್ರವಾಗುತ್ತದೆ. ಹಾಗೆ ಬಿಚ್ಚಿಕೊಂಡರೆ ಜೀವ ಇದೆ, ಇಲ್ಲದಿದ್ದರೆ ತೆಗೆದುಕೊಂಡು ಪ್ರಯೋಜನವಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ ಅಂಗಳ, ಕಳೆನಾಶಕ ಹೊಡೆದ ಗೋಡೆಬುಡ, ಇವುಗಳ ಹತ್ತಿರ ಹೋಗಬೇಡಿ.

ತೆಗೆಯಲು ಬಣ್ಣ ಬಳಿಯುವವರ ಪಟ್ಟಿ ಬ್ಲೇಡು ಸಾಕು. ಒಂದು ತೇಪೆಯಲ್ಲಿ ಮೂರನೇ ಒಂದು ಭಾಗ ಮಾತ್ರ ತೆಗೆದು ಉಳಿದದ್ದನ್ನು ಬಿಟ್ಟರೆ ಮುಂದಿನ ಮಳೆಗೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಅಡಿಯ ಮಣ್ಣನ್ನು ತೊಳೆದು, ಹಳೆಯ ಪತ್ರಿಕೆಯ ಮೇಲೆ ಹರವಿ ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಬೇಕು. ಆಮೇಲೆ ರವೆ ಜರಡಿಯ ಮೇಲಿಟ್ಟು ಅಂಗೈಯಿಂದ ಉಜ್ಜಿದರೆ ಪುಡಿ ಕೆಳಗೆ ಬೀಳುತ್ತದೆ, ಕಲ್ಲು ಕಸ ಮೇಲೆ ಉಳಿಯುತ್ತದೆ. ಮುರಿದ ಒಂದೊಂದು ಚೂರಿನಿಂದಲೂ ಹೊಸ ಗಿಡ ಹುಟ್ಟಬಲ್ಲದು. ಬೇಸಿಗೆಯಲ್ಲಿ ಗೋಡೆಯ ಮೇಲೆ ತಾನೇ ಒಣಗಿದ್ದನ್ನೂ ಹೀಗೆಯೇ ಪುಡಿ ಮಾಡಿ ಮಳೆಗಾಲದ ಕೊನೆಯವರೆಗೆ ಕಾಗದದ ಕವರಿನಲ್ಲಿ ಇಡಬಹುದು. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೆವೆತು ಬೂಷ್ಟು ಬರುತ್ತದೆ.

30 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ತಟ್ಟೆಗೆ ಕಾಲು ಕಪ್ ಹಾವಸೆ ಪುಡಿ, ಕಾಲು ಕಪ್ ಜರಡಿ ಹಿಡಿದ ಕೋಕೋಪೀಟ್ ಬೇಕು. ಕೋಕೋಪೀಟನ್ನು ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಿ, ಹಾವಸೆ ಪುಡಿಗೆ ಬೆರೆಸಬೇಕು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಜಾಸ್ತಿ, ತೊಳೆಯದೆ ಹಾಕಿದರೆ ಮೊಳಕೆಯಲ್ಲೇ ಹಾವಸೆ ಸುಡುತ್ತದೆ. ಕೋಕೋಪೀಟ್ ಬದಲು ಚೆನ್ನಾಗಿ ಕೊಳೆತ ದರಕನ್ನು (ಉದುರಿದ ಎಲೆ) ಸೋಸಿ ಹಾಕಿದರೂ ಆಗುತ್ತದೆ.

ತಟ್ಟೆಯ ಮಣ್ಣು ಇಟ್ಟಿಗೆ ಚೂರು, ಜಂಬಿಟ್ಟಿಗೆ ಹರಳು, ದಪ್ಪ ಮರಳು ಸೇರಿ 4-5 ಮಿಲಿಮೀಟರ್ ಕಾಳಿನದಾಗಿದ್ದರೆ ಪುಡಿ ಸಂದಿನಲ್ಲಿ ಇಳಿದು ಕಾಣೆಯಾಗುತ್ತದೆ. ಹಾಗಾಗಿ ಮೇಲಿನ ಅರ್ಧ ಸೆಂಟಿಮೀಟರ್ ಮಣ್ಣು ತೆಗೆದು, 1-2 ಮಿಲಿಮೀಟರ್ ಕಾಳಿನ ಸಣ್ಣ ಜಂಬಿಟ್ಟಿಗೆ ಪುಡಿಯನ್ನು 3 ಮಿಲಿಮೀಟರ್ ದಪ್ಪ ಹಾಸಬೇಕು. ಜರಡಿ ಹಿಡಿದಾಗ ಏಳುವ ನುಣುಪು ಧೂಳು ಇದರಲ್ಲಿ ಇರಬಾರದು, ಅದು ಕೆಸರಾಗಿ ಕಟ್ಟಿಕೊಳ್ಳುತ್ತದೆ. ಬುಡದಿಂದ ಅಂಚಿನ ಕಡೆಗೆ ತುಸು ಇಳಿಜಾರು ಕೊಡಿ, ಅಂಚಿನಲ್ಲಿ ಮಣ್ಣು ತಟ್ಟೆಯ ಬಾಯಿಗಿಂತ ಅರ್ಧ ಸೆಂಟಿಮೀಟರ್ ಕೆಳಗಿರಲಿ.

ಮೊದಲು ತಟ್ಟೆಯನ್ನು ಹತ್ತು ನಿಮಿಷ ನೀರಿನಲ್ಲಿಟ್ಟು ಕೆಳಗಿನಿಂದ ನೆನೆಸಿ. ನೀರು ಸೋರಿದ ಮೇಲೆ ಪುಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ರಂಗೋಲಿ ಬಿಟ್ಟಂತೆ ಉದುರಿಸಿ. ಎಲ್ಲೂ 2 ಮಿಲಿಮೀಟರ್ ದಾಟುವುದು ಬೇಡ. ಬುಡದ ಸುತ್ತ 2 ಸೆಂಟಿಮೀಟರ್ ಖಾಲಿ ಬಿಡಿ. ಚಪ್ಪಟೆ ಮರದ ತುಂಡಿನಿಂದ ಮೆಲ್ಲಗೆ ಒತ್ತಿ, ಹಳೆಯ ಪಂಚೆಯ ಬಟ್ಟೆಯನ್ನು ಒಂದೇ ಪದರ ಹೊದಿಸಿ ಅಂಚಿಗೆ ದಾರ ಕಟ್ಟಿ. ನೀರನ್ನು ಆ ಬಟ್ಟೆಯ ಮೇಲೆಯೇ ದಿನಕ್ಕೆ ಮೂರು ಸಲ ಸ್ಪ್ರೇ ಬಾಟಲಿಯಿಂದ ಸಿಂಪಡಿಸಿ. ಝಾರಿ, ಪೈಪು ಮುಟ್ಟಬೇಡಿ. ಮರಕ್ಕೆ ಬೇಕಾದ ನೀರನ್ನು ಮೊದಲಿನಂತೆ ಕೆಳಗಿನಿಂದಲೇ ಕೊಡಿ. ಬೆಳಗಿನ ಎರಡು ಮೂರು ತಾಸಿನ ಎಳೆಬಿಸಿಲು, ಆಮೇಲೆ ನೆರಳು. ಹನ್ನೆರಡನೆಯ ದಿನ ಬಟ್ಟೆ ತೆಗೆಯಿರಿ.

ಇಲ್ಲಿಂದ ಮುಂದೆ ಬಹಳ ಜನ ಎಡವುತ್ತಾರೆ. ಎರಡು ಮೂರನೇ ವಾರದಲ್ಲಿ ಮಣ್ಣಿನ ಮೇಲೆ ಹಸಿರು ಮಂಕು ಕವಿದಂತಾಗುತ್ತದೆ. ಎಲೆ ಇಲ್ಲ, ಕಾಂಡ ಇಲ್ಲ. ಲೋಳೆಪಾಚಿ ಬಂತೆಂದು ಗಾಬರಿಯಾಗಿ ಕೆರೆದು ಎಸೆಯುತ್ತಾರೆ. ಅದು ಹಾವಸೆಯ ಎಳೆಗೂಸಿನ ರೂಪ, ಪ್ರೋಟೋನೀಮಾ. ಭೂತಗನ್ನಡಿ ಹಿಡಿದರೆ ಕವಲೊಡೆದ ಹಸಿರು ದಾರಗಳು, ಅಲ್ಲಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾದ ಮೊಗ್ಗು ಕಾಣುತ್ತವೆ. ಬೆರಳು ತಾಗಿಸಿ ನೋಡಿ: ಲೋಳೆ ಜಾರುತ್ತದೆ, ಇದು ಜಾರುವುದಿಲ್ಲ, ಒದ್ದೆ ಕಂಬಳಿಯ ಜುಂಗಿನ ಹಾಗೆ ಬೆರಳಿಗೆ ತಡೆಯುತ್ತದೆ. ಈ ಹದಿನೈದು ದಿನ ತಾಳ್ಮೆ ಬೇಕು. ಐದಾರನೇ ವಾರಕ್ಕೆ ಎಲೆ ಕಣ್ಣಿಗೆ ಕಾಣಿಸುತ್ತದೆ, ಮೂರು ತಿಂಗಳಿಗೆ ಹಾಸು ಕೂಡಿಕೊಳ್ಳುತ್ತದೆ.

ಹೊತ್ತು ಯಾವುದು? ಮುಂಗಾರು ಶುರುವಾದ ಕೂಡಲೇ ಮಾಡಿ ಎಂಬ ಸಲಹೆ ಬಯಲುಸೀಮೆಯ ತುಂತುರಿಗೆ ಸರಿ. ನಮ್ಮ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಹನಿ ಪುಡಿಯನ್ನಲ್ಲ, ಮಣ್ಣನ್ನೇ ತಟ್ಟೆಯಿಂದ ಹೊರಗೆ ಹಾರಿಸುತ್ತದೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆಯವರಿಗೆ ಉತ್ತರೆ, ಹಸ್ತಾ ಮಳೆಯ ಹೊತ್ತು, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಒಳ್ಳೆಯದು. ಗಾಳಿಯಲ್ಲಿ ತೇವ ಉಳಿದಿರುತ್ತದೆ, ಹನಿಯ ಹೊಡೆತ ಇರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯವರು ಬಿತ್ತುವುದೇ ಬೇಡ; ಅಲ್ಲಿ ಕರೆಯದೆ ಬಂದದ್ದನ್ನು ಹದದಲ್ಲಿಡುವುದೇ ಕೆಲಸ.

ನೀರಿನ ಗುಣದ ಬಗ್ಗೆ ಒಂದೆರಡು ಮಾತು. ನಲ್ಲಿ ನೀರಿನ ಕ್ಲೋರಿನ್ ಹೋಗಲು ಬಕೆಟ್ಟಿನಲ್ಲಿ ತೆರೆದಿಟ್ಟು ಒಂದು ರಾತ್ರಿ ಬಿಡಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದ ಮೇಲೆ ಬಿಳಿ ಉಪ್ಪು ಉಳಿಸುತ್ತದೆ, ಹಾವಸೆಯ ತುದಿ ಹಳದಿಯಾಗಿ ಆಮೇಲೆ ಕಂದಾಗುತ್ತದೆ. ಸೂರಿನ ನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಮೇಲು ಇನ್ನೊಂದಿಲ್ಲ.

ಗೊಬ್ಬರವೂ ಹಾಗೆಯೇ. ಬೇವಿನ ಹಿಂಡಿ, ಕಡಲೆ ಹಿಂಡಿಯನ್ನು ಹಾಸಿನ ಮೇಲೆ ಉದುರಿಸಿದರೆ ಬಿದ್ದಲ್ಲೆಲ್ಲ ಕಪ್ಪು ಚುಕ್ಕೆ, ಅದರ ಮೇಲೆ ಬೂಷ್ಟು. ಹಿಂಡಿಯನ್ನು ಸಣ್ಣ ಬಟ್ಟೆಗಂಟಿನಲ್ಲಿ ಕಟ್ಟಿ ಹಾವಸೆ ಇಲ್ಲದ ಮೂಲೆಯಲ್ಲಿಡಿ, ಇಲ್ಲವೇ ದ್ರವಗೊಬ್ಬರವನ್ನು ಹೇಳಿದ ಪ್ರಮಾಣದ ಅರ್ಧಕ್ಕೆ ತೆಳುಮಾಡಿ ಕೊಟ್ಟು ಕೂಡಲೇ ಮೇಲಿನಿಂದ ಬರೀ ನೀರು ಸಿಂಪಡಿಸಿ.

ಅಡಿಕೆ ತೋಟದ ಪಕ್ಕದ ಮನೆಯವರಿಗೆ ಇನ್ನೊಂದು ಮಾತು, ಇದು ಹೊರಗಿನವರು ಬರೆದ ಅಂಕಣಗಳಲ್ಲಿ ಸಿಗುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ ಇರುತ್ತದೆ. ತಾಮ್ರ ಹಾವಸೆಗೆ ವಿಷ. ಮೈಯಿಂದಲೇ ಹೀರುವ ಗಿಡವಾದ್ದರಿಂದ ಗಾಳಿಗೆ ಹಾರಿಬಂದ ತುಂತುರೂ ಸಾಕು, ವಾರದಲ್ಲಿ ಹಾಸು ಕಪ್ಪಾಗುತ್ತದೆ. ಮಳೆ ಹಿಡಿಯುವ ಮುನ್ನ ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ ಔಷಧಿ ಹೊಡೆಯುವ ದಿನ ತಟ್ಟೆಗಳನ್ನು ಒಳಗಿಡಿ. ತೋಟಕ್ಕೆ ಔಷಧಿ ಬೇಕೇ ಬೇಕು, ಅದಕ್ಕೆ ಯಾರ ಮೇಲೂ ಬೇಸರ ಪಡುವಂತಿಲ್ಲ. ಬೋನ್ಸಾಯ್‌ಗೆ ನೀವೇ ತಾಮ್ರದ ಶಿಲೀಂಧ್ರನಾಶಕ ಹೊಡೆಯುವುದಾದರೂ ಮಣ್ಣಿಗೆ ಪ್ಲಾಸ್ಟಿಕ್ ಮುಚ್ಚಿಯೇ ಹೊಡೆಯಿರಿ.

ಹಾಸು ಬಂದ ಮೇಲೆ ಮರವನ್ನು ಮರೆಯುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬೆಳಿಗ್ಗೆ ಸಿಂಪಡಿಸಿದ ನೀರಿಗೆ ಹಾವಸೆ ಹಸಿರಾಗಿ ನಗುತ್ತಿರುತ್ತದೆ, ಎರಡು ಸೆಂಟಿಮೀಟರ್ ಕೆಳಗೆ ಬೇರು ಒಣಗಿ ಕೂತಿರುತ್ತದೆ. ಹಾವಸೆ ಒಣಗಿದಾಗ ಎಲ್ಲ ಸತ್ತಿತೆಂದು ನೀರು ಸುರಿದು ಬೇರು ಕೊಳೆಸುವವರೂ ಇದ್ದಾರೆ. ಆದ್ದರಿಂದ ಒಂದು ಮೂಲೆಯನ್ನು ಬೋಳಾಗಿಯೇ ಬಿಟ್ಟು, ಅಡಿಕೆ ದಬ್ಬೆಯ ತೆಳ್ಳನೆ ಕಡ್ಡಿಯೊಂದನ್ನು 3 ಸೆಂಟಿಮೀಟರ್ ಆಳಕ್ಕೆ ನೆಟ್ಟಿಡಿ. ದಿನಕ್ಕೊಮ್ಮೆ ಕಿತ್ತು ಕೆನ್ನೆಗೆ ತಾಗಿಸಿದರೆ ತಣ್ಣಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಪೂರ್ತಿ ಒಣಗಿದ ಹಾಸಿನ ಮೇಲೆ ನೀರು ಹಾಕಿದರೆ ಕೆಸುವಿನ ಎಲೆಯ ಮೇಲೆ ಹಾಕಿದಂತೆ ಹರಿದುಹೋಗುತ್ತದೆ. ಒಮ್ಮೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಆಮೇಲೆ ನೀರುಣಿಸಬೇಕು. ಆಷಾಢದ ಜಡಿಮಳೆಯಲ್ಲಿ ಇದಕ್ಕೆ ತದ್ವಿರುದ್ಧ. ತಟ್ಟೆಯ ಒಂದು ಬದಿಗೆ ಎರಡು ಬೆರಳು ದಪ್ಪದ ಮರದ ತುಂಡು ಕೊಟ್ಟು ಓರೆ ಮಾಡಿದರೆ ಹೆಚ್ಚಿನ ನೀರು ಇಳಿಯುತ್ತದೆ.

ಹಾಸು ಕಾಂಡಕ್ಕೆ ಹತ್ತಲು ಬಿಡಬಾರದು. ಬುಡದ ಬೇರುಚಾಚಿನ ಮೇಲೆ ಸದಾ ಒದ್ದೆ ನಿಂತರೆ ತೊಗಟೆ ಕೊಳೆಯುತ್ತದೆ. ಮೆದು ಹಲ್ಲುಜ್ಜುವ ಬ್ರಷ್ಷನ್ನು ನೀರಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಉಜ್ಜಿ ತೆಗೆಯಿರಿ. ಅಂಚು ಹಪ್ಪಳದಂತೆ ಮೇಲೆದ್ದಿದ್ದರೆ ಅಡಿಯಲ್ಲಿ ಟೊಳ್ಳಾಗಿದೆ ಎಂದರ್ಥ. ಒದ್ದೆ ಮಾಡಿ ಹೆಬ್ಬೆರಳಿನಿಂದ ಒತ್ತಿ. ಕಾಂಡ ಉದ್ದುದ್ದ ಎಳೆದಂತೆ ಬೆಳೆದರೆ ಬೆಳಕು ಸಾಲದು. ಹುಳಿಸೊಪ್ಪು, ಗರಿಕೆಯನ್ನು ಚಿಕ್ಕದಿರುವಾಗಲೇ ಚಿಮಟದಿಂದ ಕೀಳಿ, ದೊಡ್ಡದಾದರೆ ಬೇರಿನ ಜೊತೆ ಹಾಸೂ ಬರುತ್ತದೆ. ಗೊರವಂಕ, ಹರಟೆಮಲ್ಲ ಹಕ್ಕಿಗಳು ಹುಳು ಹುಡುಕಿ ಹಾಸು ಕಿತ್ತೆಸೆಯುತ್ತವೆ, ಮೊದಲ ಎರಡು ತಿಂಗಳು ನೈಲಾನ್ ಬಲೆ ಇರಲಿ.

ಎಲ್ಲ ಮರಕ್ಕೂ ಹಾವಸೆ ಹೊಂದುವುದಿಲ್ಲ. ಆಲ, ಬಸರಿ, ಗೋಣಿ, ಅತ್ತಿ, ಕಾಮಿನಿ ಇವಕ್ಕೆ ಮೇಲ್ಮಣ್ಣಿನ ತಂಪು ಹಿತ. ಹುಣಸೆ, ಬೋಗನ್‌ವಿಲ್ಲಾ ತಟ್ಟೆಯಲ್ಲಿ ಅರ್ಧ ಭಾಗ ಮಾತ್ರ ಮುಚ್ಚಲಿ. ಜೇಡ್ ಗಿಡ, ಅಡೀನಿಯಂ ಒಣಮಣ್ಣು ಬಯಸುವಂಥವು, ಅವುಗಳಿಗೆ ಬೇಡವೇ ಬೇಡ. ತಟ್ಟೆ ಬದಲಿಸುವಾಗ ಹಳೆಯ ಹಾಸನ್ನೆಲ್ಲ ತೆಗೆದು ಬೇರು, ಹಿಟ್ಟುತಿಗಣೆ, ಇರುವೆಗೂಡು ನೋಡಿಕೊಳ್ಳಿ. ತೆಗೆದದ್ದನ್ನು ಒಣಗಿಸಿದರೆ ಮುಂದಿನ ವರ್ಷದ ಪುಡಿ ಅದೇ.

ಸಂಪಾದಕರಲ್ಲಿ ನಮ್ಮ ಕೋರಿಕೆ ಎರಡು. ಕೈತೋಟದ ಬರಹಗಳಲ್ಲಿ ಲೋಳೆಗೆ ಪಾಚಿ, ಈ ಗಿಡಕ್ಕೆ ಹಾವಸೆ ಎಂದು ಬೇರೆ ಬೇರೆಯಾಗಿ ಅಚ್ಚು ಮಾಡಿ. ಬೆಂಗಳೂರಿನ ಹವಾಮಾನಕ್ಕೆ ಬರೆದ ತಿಂಗಳ ಪಟ್ಟಿಯ ಪಕ್ಕದಲ್ಲಿ ಮಲೆನಾಡಿನದನ್ನೂ ಕೊಡಿ. ಫಲಪುಷ್ಪ ಪ್ರದರ್ಶನ ನಡೆಸುವವರು ಕಾಡಿನಿಂದ ಕಿತ್ತು ತಂದ ಹಾವಸೆ ಹೊದಿಸಿದ ತಟ್ಟೆಗಳನ್ನು ಸ್ಪರ್ಧೆಗೆ ತೆಗೆದುಕೊಳ್ಳಬಾರದು. ಗುರುತಿಸುವುದು ಕಷ್ಟವಲ್ಲ: ಬೆಳೆಸಿದ ಹಾಸು ಎಳೆದರೆ ಮಣ್ಣು ಹಿಡಿದುಕೊಂಡೇ ಬರುತ್ತದೆ, ಹೊದಿಸಿದ್ದು ಚಾಪೆಯಂತೆ ಎದ್ದು ಬರುತ್ತದೆ. ಈ ಸಲ ಜನವರಿಯ ಪ್ರದರ್ಶನಕ್ಕೆ ಮರ ಇಡುವ ಆಸೆಯಿದ್ದವರು ಉತ್ತರೆ ಮಳೆಯಲ್ಲಿ ಪುಡಿ ಉದುರಿಸಿದರೆ ಅಷ್ಟು ಹೊತ್ತಿಗೆ ಹಾಸು ಕೂಡಿರುತ್ತದೆ.

— ಇಬ್ಬರು ಬೋನ್ಸಾಯ್ ಆಸಕ್ತರು, ಶಿವಮೊಗ್ಗ